ಊರಿನ ಚಿತ್ರಕ್ಕೆ ಬೆಲೆಯೆಷ್ಟು?

ಕಳೆದ ಬೇಸಗೆಯಲ್ಲಿ ಕಾರ್ಯನಿಮಿತ್ತ ದಾವಣಗೆರೆಗೆ ಹೋಗಿದ್ದೆ. ಸಂಜೆಯ ಹೊತ್ತು ಕಳೆಯಲೆಂದು ಹೊರಟವನು, ದಾರಿಯಲ್ಲಿ ಒಂದು ಸಣ್ಣ ಸಭಾಂಗಣದ ಮುಂದೆ ಛಾಯಾಚಿತ್ರ ಪ್ರದರ್ಶನದ ಫಲಕ ಕಂಡು ಒಳಹೊಕ್ಕೆ. ಚಿತ್ರಗಳನ್ನು ತೆಗೆದವರು ಆರು ಜನ. ಒಬ್ಬರು ನಿವೃತ್ತ ಉಪಾಧ್ಯಾಯರು, ಇನ್ನೊಬ್ಬರು ಬ್ಯಾಂಕಿನ ಗುಮಾಸ್ತರು, ಮತ್ತೊಬ್ಬರು ಔಷಧಿ ಅಂಗಡಿಯವರು, ಉಳಿದವರೂ ಇಂಥವರೇ. ಯಾರಿಗೂ ಕ್ಯಾಮೆರಾ ಹೊಟ್ಟೆಪಾಡಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ, ತಮ್ಮ ತಮ್ಮ ಊರಿನ ಸುತ್ತಮುತ್ತ, ರಜೆಯ ದಿನಗಳಲ್ಲಿ ಅಲೆದು ತೆಗೆದ ನಲವತ್ತು ಚಿತ್ರಗಳು ಗೋಡೆಯ ಮೇಲಿದ್ದುವು. ಪ್ರತಿಯೊಂದರ ಕೆಳಗೂ ಒಂದು ಚೀಟಿ. ಚೀಟಿಯಲ್ಲಿ ಚಿತ್ರದ ಹೆಸರಿಲ್ಲ, ತೆಗೆದ ದಿನವಿಲ್ಲ. ಬೆಲೆ ಮಾತ್ರ ಇತ್ತು.

ಬೆಲೆಯನ್ನು ನೋಡಿ ನನಗೆ ಮೊದಲು ಆದದ್ದು ಸಂಕೋಚ ಎಂದು ಒಪ್ಪಿಕೊಳ್ಳಬೇಕು. ಹವ್ಯಾಸವೆಂದರೆ ಮಾರಾಟಕ್ಕಲ್ಲದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮನೆಯಲ್ಲಿ ಹಾಡುವ ಹೆಣ್ಣುಮಗಳು ಸಂಭಾವನೆ ಕೇಳಿದರೆ ನಾವು ಹುಬ್ಬೇರಿಸುತ್ತೇವೆ. ಹಿತ್ತಲಲ್ಲಿ ಗುಲಾಬಿ ಬೆಳೆಸುವವರು ಹೂವು ಮಾರಲು ಕುಳಿತರೆ ‘ಇವರಿಗೇನು ಬಂತು ಕಷ್ಟ’ ಎನ್ನುತ್ತೇವೆ. ಊರಿನ ಚಿತ್ರದ ಮಾತಂತೂ ಇನ್ನೂ ಸೂಕ್ಷ್ಮ. ಕೆರೆ ಎಲ್ಲರದು, ಗುಡಿ ಎಲ್ಲರದು, ಹೊಳೆ ಎಲ್ಲರದು. ಅದರ ಚಿತ್ರಕ್ಕೆ ಒಬ್ಬರು ಸಾವಿರ ರೂಪಾಯಿ ಕೇಳುವುದು ಹೇಗೆ?

ಆದರೆ ಈ ಸಂಕೋಚಕ್ಕೆ ನಾನೇ ಒಮ್ಮೆ ತೆರಿಗೆ ತೆತ್ತವನು. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಬಳಿಯೂ ಒಂದು ಕ್ಯಾಮೆರಾ ಇತ್ತು. ಹೊನ್ನಾಳಿಯ ಹೊಳೆಯ ಒಂದು ಚಿತ್ರ ಚೆನ್ನಾಗಿ ಬಂದಿತ್ತು. ಕೇಳಿದವರಿಗೆಲ್ಲ ಪ್ರತಿ ಮಾಡಿಸಿ ಕೊಟ್ಟೆ. ಕೊಡುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಎರಡು ವರ್ಷ ಕಳೆದು ಒಂದು ದಿನ ಕ್ಷೌರದಂಗಡಿಯಲ್ಲಿ ಕುಳಿತಿದ್ದಾಗ, ಕನ್ನಡಿಯ ಮೇಲ್ಗಡೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ನನ್ನ ಹೊಳೆಯೇ ಹರಿಯುತ್ತಿತ್ತು. ಕೆಳಗೆ ಯಾವುದೋ ವ್ಯಾಪಾರಿ ಸಂಸ್ಥೆಯ ಹೆಸರು ದೊಡ್ಡದಾಗಿ. ನನ್ನದು ಎಲ್ಲೂ ಇಲ್ಲ. ಮೊದಲು ಹೆಮ್ಮೆಯಾಯಿತು, ಆಮೇಲೆ ಬೇಜಾರಾಯಿತು. ಹಣ ಬರಲಿಲ್ಲವೆಂದಲ್ಲ. ಬಿಟ್ಟಿಯಾಗಿ ಕೊಟ್ಟದ್ದರ ಜೊತೆಗೆ ಹೆಸರೂ ಬಿಟ್ಟಿಯಾಗಿ ಹೋಗುತ್ತದೆ ಎಂಬುದು ಅಂದು ತಿಳಿಯಿತು.

ಕಾನೂನು ನನ್ನ ಕಡೆಗೇ ಇತ್ತು. ನನಗೆ ಅದು ಗೊತ್ತಿರಲಿಲ್ಲ, ಅಷ್ಟೆ. 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ತನ್ನ ಇಷ್ಟದಿಂದ ಚಿತ್ರ ತೆಗೆದವನೇ ಅದರ ಮೊದಲ ಒಡೆಯ. ಬೇರೆಯವರು ಹಣ ಕೊಟ್ಟು ತೆಗೆಸಿದ್ದರೆ ಮಾತು ಬೇರೆ: ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಅದು ತೆಗೆಸಿದವರಿಗೆ ಸೇರುತ್ತದೆ. 2012ರ ತಿದ್ದುಪಡಿಯ ಮೇಲೆ ಛಾಯಾಚಿತ್ರಕ್ಕೂ ಉಳಿದ ಕೃತಿಗಳಂತೆ ಕರ್ತೃವಿನ ಜೀವಮಾನ ಮತ್ತು ಅನಂತರ 60 ವರ್ಷದ ರಕ್ಷಣೆ ಉಂಟು. ಹಕ್ಕನ್ನೆಲ್ಲ ಮಾರಿಬಿಟ್ಟರೂ ‘ಇದನ್ನು ತೆಗೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಅದೇ ಶಾಸನದ 57ನೆಯ ವಿಧಿಯಂತೆ ಉಳಿಯುತ್ತದೆ. ಊರಿನ ಗುಡಿ, ಮಂಟಪಗಳ ಚಿತ್ರ ತೆಗೆದು ಪ್ರಕಟಿಸುವುದು ಕಟ್ಟಿದವರ ಹಕ್ಕಿಗೆ ಚ್ಯುತಿಯಲ್ಲವೆಂದೂ ಅದು ಹೇಳುತ್ತದೆ. ಆದುದರಿಂದ ಮಾರಬಹುದೆ ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಮಾರಬಹುದು. ಬೆಲೆ ಇಟ್ಟ ಆ ಆರು ಜನ ನನಗಿಂತ ಜಾಣರು.

ಏನನ್ನು ಮಾರುತ್ತಿದ್ದೇವೆ ಎಂಬ ಇನ್ನೊಂದು ಪ್ರಶ್ನೆ ಮಾತ್ರ ಉಳಿಯಿತು. ಗೋಡೆಯ ಉದ್ದಕ್ಕೂ ನಡೆದಂತೆ ನನ್ನನ್ನು ಕಾಡಿದ್ದು ಅದೇ.

ಮಾರಾಟವಾದ ಚಿತ್ರಗಳಿಗೆ ಕೆಂಪು ಚುಕ್ಕೆ ಅಂಟಿಸಿದ್ದರು. ಸೂಳೆಕೆರೆಯ ಸೂರ್ಯಾಸ್ತಕ್ಕೆ ಚುಕ್ಕೆ. ಒಂದಲ್ಲ, ಮೂರು ಪ್ರತಿಗಳಿಗೆ. ಸಂತೇಬೆನ್ನೂರಿನ ಪುಷ್ಕರಣಿಯ ನೀರಿನಲ್ಲಿ ವಸಂತ ಮಂಟಪದ ಬಿಂಬ ಬಿದ್ದ ಚಿತ್ರಕ್ಕೆ ಚುಕ್ಕೆ. ತುಂಗಭದ್ರೆಯ ಮೇಲೆ ಮಂಜಿನಲ್ಲಿ ತೇಲುವ ಹರಿಗೋಲಿಗೆ ಚುಕ್ಕೆ. ಕನ್ನಡಿ ಚೂರುಗಳ ಕಸೂತಿಯುಟ್ಟ ಲಂಬಾಣಿ ಅಜ್ಜಿಯ ಮುಖಕ್ಕೆ ಚುಕ್ಕೆ. ಇವು ಕೆಟ್ಟ ಚಿತ್ರಗಳಲ್ಲ. ಬೆಳಕನ್ನು ಕಾಯುವ ತಾಳ್ಮೆ, ಚೌಕಟ್ಟನ್ನು ತುಂಬುವ ಕಣ್ಣು ಎರಡೂ ಇದ್ದುವು. ಆದರೆ ಸೂಳೆಕೆರೆಯ ಚಿತ್ರದ ಮುಂದೆ ನಿಂತು ನನಗೆ ಅನ್ನಿಸಿತು: ಈ ಸೂರ್ಯ ಯಾವ ಕೆರೆಯಲ್ಲಿ ಬೇಕಾದರೂ ಮುಳುಗಿಯಾನು. ಕೆಂಪು ಆಕಾಶ, ಕಪ್ಪು ಗುಡ್ಡ, ನಡುವೆ ಬೆಳ್ಳಿಯಂಥ ನೀರು. ಎರಡು ಬೆಟ್ಟಗಳ ನಡುವಿನ ಸಂದಿಗೆ ಏರಿ ಕಟ್ಟಿ ಇಷ್ಟು ದೊಡ್ಡ ನೀರನ್ನು ನಿಲ್ಲಿಸಿದ ಹಳೆಯವರ ಜಾಣತನ ಅದರಲ್ಲಿಲ್ಲ. ಇಲ್ಲಿಂದ ದೂರದ ಚಿತ್ರದುರ್ಗದವರೆಗೂ ಕುಡಿಯುವ ನೀರು ಹೋಗುತ್ತದೆಂಬ ಸುಳಿವಿಲ್ಲ. ಪುಷ್ಕರಣಿಯದೂ ಅದೇ ಕಥೆ. ಕೆಂಗ ಹನುಮಂತಪ್ಪ ನಾಯಕನ ಹೆಸರಿಗೆ ಸೇರಿದ ಆ ಕೊಳದ ದಡದಲ್ಲೇ ಮುಸಾಫಿರ್‌ಖಾನೆ ನಿಂತಿದೆ. ಒಂದು ನೋಟದಲ್ಲಿ ಎರಡು ಆಳ್ವಿಕೆಗಳ ಕಟ್ಟಡಗಳನ್ನು ಹಿಡಿಯಬಹುದಾದ ಜಾಗ ಅದು. ಬಿಂಬದ ಚೆಲುವಿಗಾಗಿ ಮುಸಾಫಿರ್‌ಖಾನೆಯನ್ನು ಚೌಕಟ್ಟಿನಿಂದ ಹೊರಗಿಟ್ಟಿದ್ದರು.

ಚುಕ್ಕೆಯಿಲ್ಲದ ಚಿತ್ರಗಳ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಚನ್ನಗಿರಿಯ ಕಡೆಯ ಒಂದು ಅಂಗಳ, ರಾತ್ರಿ. ಒಂದೇ ಒಂದು ಬಲ್ಬಿನ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತ ಕುಳಿತು ಸುಲಿಯುವ ಹೆಂಗಸರು. ಅಂಚಿನಲ್ಲಿ ಕೇಣಿದಾರ ಪುಸ್ತಕ ಹಿಡಿದು ನಿಂತಿದ್ದಾನೆ. ಹಿಂದೆ ಹಂಡೆಯಲ್ಲಿ ಚೊಗರು ಕುದಿಯುವ ಹಬೆ. ಅಡಿಕೆ ಸುಲಿಯುವ ಯಂತ್ರ ಊರೂರಿಗೆ ಬಂದಿರುವ ಈ ದಿನಗಳಲ್ಲಿ ಇಂಥ ಅಂಗಳ ಎಷ್ಟು ಕಾಲ ಕಂಡೀತು? ಹೊರಗಿನ ಪ್ರವಾಸಿಗೆ ಈ ಚಿತ್ರ ಸಿಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಆ ಅಂಗಳಕ್ಕೆ ಹೋಗಲು ಆ ಮನೆಯವರ ಪರಿಚಯ ಬೇಕು. ‘ಬನ್ನಿ, ಕೂತ್ಕಳ್ಳಿ’ ಎನ್ನಿಸಿಕೊಂಡವನು ಮಾತ್ರ ತೆಗೆಯಬಲ್ಲ ಚಿತ್ರ ಇದು. ಬೆಲೆ ಏಳುನೂರು ರೂಪಾಯಿ, ಕೊಂಡವರಿಲ್ಲ.

ಜಗಳೂರಿನ ಚಿತ್ರಗಳಲ್ಲಿ ಒಂದಕ್ಕೆ ಮಾತ್ರ ಚುಕ್ಕೆಯಿತ್ತು: ಬಿರುಕುಬಿಟ್ಟ ಕೆರೆಯಂಗಳ, ನಡುವೆ ತಲೆಯ ಮೇಲೆ ಕೈಹೊತ್ತ ಮುದುಕ. ತೆಗೆದವರು ಅಲ್ಲೇ ಇದ್ದರು. ಅದೇ ಕೆರೆಯನ್ನು ತುಂಬಿದಾಗಲೂ ತೆಗೆದಿದ್ದೀರಾ ಎಂದು ಕೇಳಿದೆ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯ ವಿಷಯ ಓದುಗರಿಗೆ ತಿಳಿದೇ ಇದೆ. ‘ತೆಗೆದಿದ್ದೇನೆ ಸಾರ್, ನೀರು ಬಂದ ದಿನ ಊರಿನವರೆಲ್ಲ ಏರಿಯ ಮೇಲೆ ನಿಂತಿದ್ದರು. ಆದರೆ ಜಗಳೂರು ಅಂದರೆ ಜನ ಬರದ ಚಿತ್ರ ಕೇಳುತ್ತಾರೆ. ನೀರಿನ ಚಿತ್ರ ಯಾರು ಕೊಳ್ಳುತ್ತಾರೆ?’ ಎಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಬರವೂ ಒಂದು ಬಗೆಯ ಸೂರ್ಯಾಸ್ತವೇ ಆಗಿಹೋಯಿತಲ್ಲ! ಕೊಳ್ಳುವವನ ಮನಸ್ಸಿನಲ್ಲಿ ಮೊದಲೇ ಅಚ್ಚಾಗಿರುವ ಚಿತ್ರವನ್ನು ಅವನಿಗೇ ಮರಳಿ ಮಾರುವುದು. ಜಗಳೂರು ಸದಾ ಒಣಗಿರಬೇಕು, ಲಂಬಾಣಿ ಸದಾ ಕಸೂತಿ ಉಟ್ಟಿರಬೇಕು, ತುಂಗಭದ್ರೆಯ ಮೇಲೆ ಸದಾ ಮಂಜಿರಬೇಕು. ಮಾರುಕಟ್ಟೆಯ ಈ ಅಪೇಕ್ಷೆಗೆ ಹೊರಗಿನವನು ತಲೆಬಾಗಿದರೆ ಕ್ಷಮಿಸಬಹುದು. ಅವನಿಗೆ ಬೇರೆ ಏನೂ ಗೊತ್ತಿಲ್ಲ. ಏರಿಯ ಮೇಲೆ ತಾನೂ ನಿಂತಿದ್ದ ಊರಿನವನೇ ತಲೆಬಾಗಿದರೆ, ನೀರು ಬಂದ ದಿನಕ್ಕೆ ಸಾಕ್ಷಿ ಯಾರು?

ಅಂತರಜಾಲದ ದೊಡ್ಡ ಚಿತ್ರಭಂಡಾರಗಳಲ್ಲಿ ಈ ರೋಗ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಹವ್ಯಾಸಿಗಳಲ್ಲಿ ಇಬ್ಬರು ಅಲ್ಲಿಯೂ ಚಿತ್ರ ಇಟ್ಟಿದ್ದಾರಂತೆ. ಷಟರ್‌ಸ್ಟಾಕ್ ಎಂಬ ಭಂಡಾರ 2020ರ ಜೂನಿನಲ್ಲಿ ಚಿತ್ರಕಾರನ ಪಾಲನ್ನು ಶೇಕಡಾ 15ರಿಂದ 40ರವರೆಗೆ ಮೆಟ್ಟಿಲುಗಳಾಗಿ ಗೊತ್ತುಮಾಡಿತು. ಪ್ರತಿ ಜನವರಿ ಒಂದರಂದು ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಒಂದು ಚಿತ್ರ ಒಮ್ಮೆ ಮಾರಾಟವಾದರೆ ಸಿಗುವ ಕನಿಷ್ಠ ಹಣ 10 ಸೆಂಟು, ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿಗೂ ಕಡಿಮೆ. ಆ ದರದಲ್ಲಿ ಹಣ ಕಾಣಬೇಕಾದರೆ ಸಾವಿರಾರು ಸಲ ಮಾರಾಟವಾಗಬೇಕು. ಸಾವಿರಾರು ಸಲ ಮಾರಾಟವಾಗಬೇಕಾದರೆ ಅದು ಎಲ್ಲಿಯ ಚಿತ್ರವಾದರೂ ಆಗಿರಬೇಕು. ಅಂದರೆ ನಮ್ಮ ಊರಿನದಾಗಿರಬಾರದು. ಊರಿನ ಚಿತ್ರಕ್ಕೆ ಆ ಸಂತೆ ಹೊಂದುವುದಿಲ್ಲ.

ಹಾಗಾದರೆ ಊರಿನ ಚಿತ್ರಕ್ಕೆ ಕೊಳ್ಳುವವರು ಯಾರು? ಉತ್ತರ ನನಗೆ ಮನೆಯಲ್ಲೇ ಸಿಕ್ಕಿತು.

ಆ ಗೋಡೆಯ ಮೂಲೆಯಲ್ಲಿ ನ್ಯಾಮತಿಯ ಒಂದು ಬೀದಿಯ ಚಿತ್ರವಿತ್ತು. ಬೆಳಗಿನ ಹೊತ್ತು, ಅಂಗಡಿಯವನೊಬ್ಬ ಹಲಗೆಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದಾನೆ. ಸಾಲಾಗಿ ನಾಲ್ಕು ಮನೆಗಳ ಜಗಲಿ. ಒಂದು ಜಗಲಿಯ ಮೇಲೆ ಹಿತ್ತಾಳೆಯ ಚೊಂಬು. ಮನುಷ್ಯರು ಅಷ್ಟಾಗಿ ಇಲ್ಲ. ಅಂಥ ಚೆಲುವಾದ ಚಿತ್ರವೂ ಅಲ್ಲ. ಬಲಗಡೆ ಒಂದು ಕರೆಂಟು ಕಂಬ ಅಡ್ಡ ಬಂದಿದೆ. ನನ್ನ ತಾಯಿಯ ತೌರು ನ್ಯಾಮತಿ. ಈಗ ತಾಲ್ಲೂಕಾಗಿರುವ ಆ ಊರು ಅವರು ಹುಡುಗಿಯಾಗಿದ್ದಾಗ ಹೊನ್ನಾಳಿಗೆ ಸೇರಿದ್ದಿತು. ಆರುನೂರು ರೂಪಾಯಿ ಕೊಟ್ಟು ಕೊಂಡುತಂದೆ.

ಅವ್ವನಿಗೆ ಎಂಬತ್ತನಾಲ್ಕು ವರ್ಷ. ಕನ್ನಡಕ ಒರೆಸಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ನಮ್ಮ ಬೀದೀನೇ ಕಣಪ್ಪಾ’ ಎಂದರು. ಆಮೇಲೆ ಬೆರಳಿಟ್ಟು ಒಂದೊಂದು ಬಾಗಿಲನ್ನೂ ಹೇಳುತ್ತ ಹೋದರು: ಇದು ಎಣ್ಣೆ ಅಂಗಡಿಯವರದು, ಇದು ಮೇಷ್ಟ್ರ ಮನೆ, ಈ ಜಗಲಿಯ ಮೇಲೆ ಮಳೆಗಾಲದಲ್ಲಿ ನಾವು ಚೌಕಾಬಾರ ಆಡುತ್ತಿದ್ದೆವು. ಕೊನೆಗೆ ಕೇಳಿದರು: ‘ಯಾವಾಗ ತೆಗ್ದಿದ್ದು ಇದು? ಈ ಜಗಲಿ ಇನ್ನೂ ಐತಲ್ಲ. ನಿಮ್ಮ ಮಾವ ಹೋಗೋದ್ರೊಳಗೆ ರಸ್ತೆಗೆ ಅಂತ ಒಡೆದಿದ್ರು.’

ನಾನು ಚಿತ್ರವನ್ನು ತಿರುಗಿಸಿ ನೋಡಿದೆ. ಬೆನ್ನಿನಲ್ಲಿ ಬೆಲೆಯ ಚೀಟಿ ಬಿಟ್ಟು ಏನೂ ಇರಲಿಲ್ಲ. ತೆಗೆದವರಿಗೆ ದೂರವಾಣಿ ಮಾಡಿದೆ. ಸಜ್ಜನರು; ಸಂತೋಷಪಟ್ಟರು. ‘ನಾಲ್ಕೈದು ವರ್ಷವಾಗಿರಬಹುದು ಸಾರ್’ ಎಂದರು. ಮಾವ ತೀರಿಕೊಂಡದ್ದು 2016ರಲ್ಲಿ ಎಂದೆ. ‘ಹೌದೆ? ಹಾಗಾದರೆ ಹತ್ತು ವರ್ಷದ ಹತ್ತಿರ ಆಯಿತಲ್ಲ!’ ಎಂದು ಅವರಿಗೇ ಆಶ್ಚರ್ಯ. ಈಗಿನ ಕ್ಯಾಮೆರಾ ದಿನ, ಗಂಟೆ, ನಿಮಿಷಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ನಿಜ. ಆದರೆ ಆ ಬರಹ ಕಂಪ್ಯೂಟರಿನೊಳಗೆ ಇರುತ್ತದೆ. ಕಾಗದದ ಬೆನ್ನಿಗೆ ಬರುವುದಿಲ್ಲ. ಅವರ ಹಳೆಯ ಕಂಪ್ಯೂಟರು ಕೆಟ್ಟಾಗ ಅದೂ ಹೋಯಿತಂತೆ.

ದಿನಾಂಕವೆಂದರೆ ಒಣ ವಿವರ, ರಸಾಸ್ವಾದಕ್ಕೆ ಅದೇಕೆ ಎನ್ನುವವರಿದ್ದಾರೆ. ಹೊನ್ನಾಳಿಯನ್ನು ದಾಟಿದ ತುಂಗಭದ್ರೆಯ ಜೊತೆಗೇ ಕೆಳಕ್ಕೆ ಹೋದರೆ ಹಂಪೆ ಸಿಗುತ್ತದೆ. ಅಲ್ಲಿ ಇದಕ್ಕೆ ಉತ್ತರವಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಗುಡಿಗಳ ಚಿತ್ರ ತೆಗೆದ. ಅವನೂ ವೃತ್ತಿಯಿಂದ ಛಾಯಾಚಿತ್ರಕಾರನಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅಲ್ಲಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವುದು ಬಿತ್ತು, ಯಾವುದು ಉಳಿಯಿತು, ಯಾವುದನ್ನು ನಾವು ಎತ್ತಿ ನಿಲ್ಲಿಸಿದೆವು ಎಂಬುದು ಕಾಣುತ್ತದೆ. ಯಾವ ಜಾಗ, ಯಾವ ಕಾಲ ಎಂದು ತಿಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಮಾರಾಟಕ್ಕೂ ಈ ನಿಷ್ಠೆಗೂ ವೈರವಿಲ್ಲವೆಂಬುದಕ್ಕೆ ಪ್ಯಾರಿಸಿನ ಅಜೆಯ ಹೆಸರು ಹೇಳಬಹುದು. ಕೆಡವಲಿದ್ದ ಹಳೆಯ ಬೀದಿಗಳು, ಅಂಗಡಿ ಮುಂಗಟ್ಟುಗಳು, ಮೆಟ್ಟಿಲುಗಳು, ಬಾಗಿಲ ಹಿಡಿಕೆಗಳು ಇವುಗಳ ಚಿತ್ರ ತೆಗೆದು ಬಾಳೆಲ್ಲ ಮಾರಿದವನು ಆತ. ‘ಕಲಾವಿದರಿಗೆ ದಾಖಲೆಗಳು’ ಎಂಬುದು ಅವನ ಮನೆಯ ಫಲಕ. ಕಲೆ ಎಂದು ಅವನು ಹೇಳಿಕೊಳ್ಳಲಿಲ್ಲ. 1920ರಲ್ಲಿ 2,600ಕ್ಕೂ ಹೆಚ್ಚು ನೆಗೆಟಿವುಗಳನ್ನು 10,000 ಫ್ರಾಂಕುಗಳಿಗೆ ಸರ್ಕಾರಕ್ಕೆ ಮಾರಿದ. 1927ರಲ್ಲಿ ಅವನು ತೀರಿಕೊಂಡ ಮೇಲೆ ಲೋಕ ಅವನ್ನು ಕಲೆಯೆಂದು ಕರೆಯಿತು.

ನಮ್ಮಲ್ಲೇ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿ ಪೂರ್ಣಚಂದ್ರ ತೇಜಸ್ವಿಯವರು ಸುತ್ತಮುತ್ತಲಿನ ಹಕ್ಕಿಗಳ ಚಿತ್ರ ತೆಗೆದರು. ಅವರ ಕಸುಬು ಬರವಣಿಗೆ ಮತ್ತು ಬೇಸಾಯ, ಕ್ಯಾಮೆರಾ ಹವ್ಯಾಸ. ‘ಮಾಯೆಯ ಮುಖಗಳು’ ಎಂಬ ಪುಸ್ತಕವನ್ನು ಕೊಂಡವರು ಒಂದರ್ಥದಲ್ಲಿ ಅವರ ಹವ್ಯಾಸದ ಚಿತ್ರಗಳನ್ನೇ ಕೊಂಡವರು. ಆದರೆ ಹಕ್ಕಿಯ ಬಣ್ಣದೊಂದಿಗೆ ಅವರು ಅದರ ವಿಷಯವಾಗಿ ತಮಗೆ ತಿಳಿದದ್ದನ್ನೂ ಕೊಟ್ಟರು. ಚಿತ್ರದ ಪಕ್ಕದಲ್ಲಿ ಬರಹವಿತ್ತು. ಆ ಬರಹವನ್ನು ಕಿತ್ತುಹಾಕಿದರೆ ಉಳಿಯುವುದು ಒಳ್ಳೆಯ ಕ್ಯಾಲೆಂಡರು.

ಇಷ್ಟು ಹೇಳಿದ ಮೇಲೆ ಲಂಬಾಣಿ ಅಜ್ಜಿಯ ಚಿತ್ರಕ್ಕೆ ಮರಳಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಜನ ಸೇರುತ್ತಾರೆ. ಕ್ಯಾಮೆರಾಗಳೂ ಸೇರುತ್ತವೆ. ಆ ಚಿತ್ರದ ಬೆಲೆ ಒಂದೂವರೆ ಸಾವಿರ. ಅಜ್ಜಿಯ ಹೆಸರೇನು ಎಂದು ಕೇಳಿದೆ, ತೆಗೆದವರಿಗೆ ಗೊತ್ತಿರಲಿಲ್ಲ. ಮುಖ ಗುರುತು ಸಿಗುವಂಥ ಚಿತ್ರವನ್ನು ಜಾಹೀರಾತಿಗೆ ಕೊಡಬೇಕಾದರೆ ಆ ವ್ಯಕ್ತಿಯ ಸಹಿ ಬೇಕೆಂದು ದೂರದ ಚಿತ್ರಭಂಡಾರಗಳೂ ಕೇಳುತ್ತವೆ. ಹತ್ತಿರದವರಾದ ನಾವು ಹೆಸರನ್ನಾದರೂ ಕೇಳಬೇಡವೆ? ಒಂದು ಪ್ರತಿಯನ್ನು ಅವಳ ತಾಂಡಾಕ್ಕೆ ಕಳುಹಿಸಬೇಡವೆ? ಕಾಡಿನ ಪ್ರಾಣಿಗೂ ಕಾನೂನು ಇಷ್ಟು ಮರ್ಯಾದೆ ಕೊಟ್ಟಿದೆ: ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಯ ಅಭಯಾರಣ್ಯವಾಯಿತು, ಆ ನಾಲ್ಕು ಕೊಂಬಿನ ಪ್ರಾಣಿಯ ಚಿತ್ರ ತೆಗೆಯಲು ಅರಣ್ಯದೊಳಗೆ ಹೋಗಬೇಕಾದರೆ ಅನುಮತಿ ಪಡೆಯಬೇಕು. ಅಜ್ಜಿಯ ಅನುಮತಿಗೆ ಕಚೇರಿಯಿಲ್ಲ. ಅವಳನ್ನೇ ಕೇಳಬೇಕು.

ಆ ಆರು ಜನರ ಮೇಲೆ ನನಗೆ ದೂರಿಲ್ಲ. ತಮ್ಮ ನಾಲ್ಕು ತಾಲ್ಲೂಕುಗಳನ್ನು ಗೋಡೆಗೆ ತಂದು ತೂಗಹಾಕಿದ್ದು ಸಣ್ಣ ಕೆಲಸವಲ್ಲ, ಬೆಲೆ ಕೇಳಿದ್ದೂ ತಪ್ಪಲ್ಲ. ಇನ್ನೊಂದು ಪ್ರದರ್ಶನ ಮಾಡುವ ಯೋಚನೆ ಇದೆಯಂತೆ. ಸೂರ್ಯಾಸ್ತವನ್ನು ಮಾರಲಿ, ಅದರಿಂದ ಬಂದ ಹಣದಲ್ಲಿ ಅಡಿಕೆಯ ಅಂಗಳವನ್ನೂ ತುಂಬಿದ ಕೆರೆಯನ್ನೂ ಅಚ್ಚುಹಾಕಿಸಲಿ. ಬೆಲೆಯ ಚೀಟಿಯ ಮೇಲೆ ಇನ್ನು ಮೂರು ಸಾಲು ಸೇರಿಸಲಿ: ಎಲ್ಲಿ, ಯಾವಾಗ, ಯಾರು. ಮಾರಿದ ಪ್ರತಿಯೊಂದು ಚಿತ್ರದ ಇನ್ನೊಂದು ಪ್ರತಿಯನ್ನು ಆಯಾ ಊರಿನ ಗ್ರಂಥಾಲಯಕ್ಕೆ ಕೊಡಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಇವಿಷ್ಟಿದ್ದರೆ ಆ ಚಿತ್ರಕ್ಕೆ ಎರಡರಷ್ಟು ಬೆಲೆ ಕೊಡಲು ನಾನು ಸಿದ್ಧ.

ನ್ಯಾಮತಿಯ ಚಿತ್ರ ಈಗ ಅವ್ವನ ಮಂಚದ ಎದುರಿನ ಗೋಡೆಯಲ್ಲಿದೆ. ತೂಗುಹಾಕುವ ಮೊದಲು ಅವರು ಹೇಳಿದ್ದನ್ನೆಲ್ಲ ಬೆನ್ನಿನ ಮೇಲೆ ನಾನು ಪೆನ್ಸಿಲ್ಲಿನಲ್ಲಿ ಬರೆದೆ: ಎಣ್ಣೆ ಅಂಗಡಿ, ಮೇಷ್ಟ್ರ ಮನೆ, ಚೌಕಾಬಾರದ ಜಗಲಿ, 2016ಕ್ಕಿಂತ ಹಿಂದೆ. ನಾಲ್ಕನೆಯ ಬಾಗಿಲು ಯಾರದೆಂದು ಅವರಿಗೆ ನೆನಪಾಗಲಿಲ್ಲ. ಅಲ್ಲಿ ಜಾಗ ಬಿಟ್ಟಿದ್ದೇನೆ. ದಿನಕ್ಕೊಮ್ಮೆ ಯೋಚಿಸುತ್ತಾರೆ.